ಎಂಜಿನ್ ಪಳಗಿಸುವ ವಿದ್ಯೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಲ್ಲಿ ಮೋಟಾರ್ ಸೈಕಲ್ ತಯಾರಿಕೆ ಆರಂಭವಾಯಿತು. ಮೊದಲು ಚೆಕೊಸ್ಲೊವಾಕಿಯಾದ ಜಾವಾ ಹೆಸರಿನಲ್ಲಿ, ಮುಂದೆ ಯೆಜ್ಡಿ ಎಂಬ ಹೆಸರಿನಲ್ಲಿ ಹೊರಬಂದ ಈ ವಾಹನಗಳು ನಾಡಿನ ಮೂಲೆಮೂಲೆಗೂ ಹೋದವು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಅದರ ಗಾಡಿಗಳು ಮಾತ್ರ ಇನ್ನೂ ಓಡುತ್ತಿವೆ. ಅಜ್ಜನ ಕಾಲದ ಜಾವಾ ಕೊಟ್ಟಿಗೆಯ ಮೂಲೆಯಲ್ಲಿ ದೂಳು ಹಿಡಿದು ನಿಂತಿರುವ ಮನೆಗಳೂ ಇವೆ.

ಇಂಥ ಎಂಜಿನ್ನನ್ನು ಬಿಚ್ಚಿ, ಸವೆದ ಭಾಗಗಳನ್ನು ಬದಲಿಸಿ, ಮತ್ತೆ ಜೋಡಿಸಿಬಿಟ್ಟರೆ ಕೆಲಸ ಮುಗಿಯಿತು ಎಂದು ಅನೇಕರು ಭಾವಿಸುತ್ತಾರೆ. ಟೆಲಿವಿಷನ್ ಪರದೆಯ ಮೇಲೆ ಅಷ್ಟನ್ನು ಅರ್ಧ ಗಂಟೆಯಲ್ಲಿ ತೋರಿಸಿಬಿಡಬಹುದು. ಆದರೆ ಕೆಲಸದ ಉಳಿದರ್ಧ ನಡೆಯುವುದು ಆ ನಂತರ, ರಸ್ತೆಯ ಮೇಲೆ, ಮೊದಲ ಒಂದು ಸಾವಿರ ಕಿಲೋಮೀಟರುಗಳಲ್ಲಿ. ಮೆಕ್ಯಾನಿಕ್‌ಗಳು ಇದಕ್ಕೆ ‘ರನ್ನಿಂಗ್ ಇನ್’ ಎನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆ ಒಪ್ಪುವ ಮಾತು ‘ಪಳಗಿಸುವುದು’. ಎಳೆಯ ಹೋರಿಗೆ ಮೊದಲ ದಿನವೇ ತುಂಬಿದ ಗಾಡಿ ಕಟ್ಟುವ ರೈತನಿಲ್ಲ. ಹೊಸದಾಗಿ ಕೊರೆದ ಎಂಜಿನ್‌ಗೂ ಈ ಮಾತು ಸಲ್ಲುತ್ತದೆ. ಏಕೆ ಎಂಬುದನ್ನು ನೋಡೋಣ.

ಕೂದಲೆಳೆಯಷ್ಟು ಜಾಗ

ಹಳೆಯ 250 ಸಿ.ಸಿ. ಜಾವಾ ಎಂಜಿನ್‌ನ ಸಿಲಿಂಡರ್ ವ್ಯಾಸ 65 ಮಿಲಿಮೀಟರ್. ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ 75 ಮಿಲಿಮೀಟರ್. ಸಿಲಿಂಡರಿನ ಘನಫಲದ ಸೂತ್ರದಲ್ಲಿ ಇವನ್ನು ಹಾಕಿದರೆ ಸುಮಾರು 249 ಘನ ಸೆಂಟಿಮೀಟರ್ ಬರುತ್ತದೆ. 250 ಸಿ.ಸಿ. ಎಂದರೆ ಇದೇ.

ಸಿಲಿಂಡರ್ ಬೀಡು ಕಬ್ಬಿಣದ್ದು, ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ಕಾಯಿಸಿದಾಗ ಎರಡೂ ಹಿಗ್ಗುತ್ತವೆ, ಆದರೆ ಸಮನಾಗಿ ಅಲ್ಲ. 65 ಮಿಲಿಮೀಟರ್ ಅಗಲದ ಅಲ್ಯೂಮಿನಿಯಂ ತುಂಡು 100 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಕಾದರೆ ಸುಮಾರು 0.15 ಮಿಲಿಮೀಟರ್ ಹಿಗ್ಗುತ್ತದೆ. ಅಷ್ಟೇ ಅಗಲದ ಬೀಡು ಕಬ್ಬಿಣ ಹಿಗ್ಗುವುದು ಸುಮಾರು 0.07 ಮಿಲಿಮೀಟರ್ ಮಾತ್ರ. ವ್ಯತ್ಯಾಸ 0.08 ಮಿಲಿಮೀಟರ್, ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪ. ಪಿಸ್ಟನ್ ಲೋಹಕ್ಕೆ ಸಿಲಿಕಾನ್ ಬೆರೆಸಿ ಈ ಹಿಗ್ಗುವಿಕೆಯನ್ನು ಸ್ವಲ್ಪ ತಗ್ಗಿಸಿರುತ್ತಾರೆ. ಆದರೂ ತಣ್ಣಗಿರುವಾಗಲೇ ಪಿಸ್ಟನ್ನಿಗೂ ಸಿಲಿಂಡರಿನ ಗೋಡೆಗೂ ನಡುವೆ ಇಷ್ಟು ಜಾಗ ಬಿಡಲೇಬೇಕು. ಬಿಡದಿದ್ದರೆ ಕಾದ ಪಿಸ್ಟನ್ ಗೋಡೆಯನ್ನು ಕಚ್ಚಿ ನಿಂತುಬಿಡುತ್ತದೆ. ಇದೇ ‘ಸೀಜ್’ ಆಗುವುದು. ಹೆಚ್ಚು ಜಾಗ ಬಿಟ್ಟರೆ ಪಿಸ್ಟನ್ ಅಲುಗಾಡಿ ಸದ್ದು ಮಾಡುತ್ತದೆ, ಶಕ್ತಿ ಸೋರಿಹೋಗುತ್ತದೆ.

ಜೋಡಣೆಯಲ್ಲಿ ಗಮನಿಸಬೇಕಾದದ್ದು

ಆದ್ದರಿಂದ ಮೊದಲು ಹೊಸ ಪಿಸ್ಟನ್ ಕೊಳ್ಳಬೇಕು, ಅದನ್ನು ಮೈಕ್ರೊಮೀಟರಿನಲ್ಲಿ ಅಳೆಯಬೇಕು, ಆಮೇಲೆ ಅದರ ಅಳತೆಗೆ ಸಿಲಿಂಡರನ್ನು ಬೋರ್ ಮಾಡಿಸಬೇಕು. ಪೆಟ್ಟಿಗೆಯ ಮೇಲೆ ಬರೆದ ಅಂಕಿಯನ್ನೇ ನಂಬಿ ಕೊರೆಸುವುದು ಅಪಾಯ. ಬೋರಿಂಗ್ ಆದ ಮೇಲೆ ಹೋನಿಂಗ್ ಕಲ್ಲಿನಿಂದ ಗೋಡೆಯ ಮೇಲೆ ಒಂದನ್ನೊಂದು ಅಡ್ಡ ಹಾಯುವ ಸಣ್ಣ ಗೀರುಗಳನ್ನು ಮೂಡಿಸುತ್ತಾರೆ. ಎಣ್ಣೆ ನಿಲ್ಲುವುದು ಈ ಗೀರುಗಳಲ್ಲಿಯೇ.

ಜಾವಾದ್ದು ಟೂ-ಸ್ಟ್ರೋಕ್ ಎಂಜಿನ್. ಇದರಲ್ಲಿ ವಾಲ್ವ್‌ಗಳಿಲ್ಲ. ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚಿ ತೆರೆಯುತ್ತದೆ. ಕೊರೆದ ನಂತರ ಈ ಕಿಂಡಿಗಳ ಅಂಚು ಕತ್ತಿಯಂತೆ ಹರಿತವಾಗಿರುತ್ತದೆ. ಅದನ್ನು ಅರದಿಂದ ನಯಗೊಳಿಸದಿದ್ದರೆ ರಿಂಗ್ ಸಿಕ್ಕಿ ಮುರಿಯಬಹುದು. ರಿಂಗನ್ನು ಸಿಲಿಂಡರಿನೊಳಗೆ ಇಟ್ಟು, ಅದರ ಎರಡು ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಅಳೆಯಬೇಕು. ಈ ಅಳತೆಯ ಎಂಜಿನ್‌ಗೆ ಸುಮಾರು 0.25 ಮಿಲಿಮೀಟರ್ ಇದ್ದರೆ ಸರಿ.

ಇನ್ನೊಂದು ಮಾತು. ಟೂ-ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕ್ ಇರುವ ಕೋಣೆಗೆ ಬಂದು, ಅಲ್ಲಿಂದ ಮೇಲಕ್ಕೆ ಹೋಗುತ್ತದೆ. ಹಳೆಯ ಆಯಿಲ್ ಸೀಲ್ ಗಟ್ಟಿಯಾಗಿದ್ದರೆ ಹೊರಗಿನ ಗಾಳಿ ಒಳನುಗ್ಗಿ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ, ಎಂಜಿನ್ ವಿಪರೀತ ಕಾಯುತ್ತದೆ. ಹೊಸ ಪಿಸ್ಟನ್ ಹಾಕಿ ಹಳೆಯ ಸೀಲ್ ಉಳಿಸಿಕೊಳ್ಳುವುದು ಕೆಲವೇ ರೂಪಾಯಿಯ ಉಳಿತಾಯ, ದೊಡ್ಡ ನಷ್ಟ.

ಬಿಚ್ಚುವುದು, ತೊಳೆಯುವುದು, ಅಳೆಯುವುದನ್ನು ಹಿರಿಯರ ಜೊತೆ ಕುಳಿತು ನೀವೂ ಮಾಡಬಹುದು. ಬೋರಿಂಗ್ ಮತ್ತು ಕ್ರ್ಯಾಂಕ್‌ಗೆ ಹೊಸ ಕನೆಕ್ಟಿಂಗ್ ರಾಡ್ ಒತ್ತಿ ಕೂರಿಸುವ ಕೆಲಸವನ್ನು ಪಳಗಿದ ಕೈಗಳಿಗೇ ಬಿಡಬೇಕು.

ಮೊದಲ ಸಾವಿರ ಕಿಲೋಮೀಟರ್

ಎಷ್ಟೇ ನಾಜೂಕಾಗಿ ಹೋನಿಂಗ್ ಮಾಡಿದರೂ ಗೋಡೆಯ ಮೈ ಸೂಕ್ಷ್ಮವಾಗಿ ನೋಡಿದಾಗ ಗುಡ್ಡ ಕಣಿವೆಗಳಿಂದ ಕೂಡಿರುತ್ತದೆ. ರಿಂಗ್ ಮೊದಲು ತಾಗುವುದು ಗುಡ್ಡಗಳ ತುದಿಗೆ ಮಾತ್ರ. ಅಷ್ಟು ಸಣ್ಣ ಜಾಗದಲ್ಲಿ ಎಲ್ಲ ಉಜ್ಜಾಟ ನಡೆಯುವುದರಿಂದ ಅಲ್ಲಿ ಶಾಖ ಹೆಚ್ಚು. ತುದಿಗಳು ಮೆಲ್ಲಗೆ ಸವೆದು ರಿಂಗ್ ಸುತ್ತಲೂ ಸಮನಾಗಿ ಕೂತ ಮೇಲೆ ಮಾತ್ರ ಉರಿದ ಅನಿಲ ಸೋರುವುದು ನಿಲ್ಲುತ್ತದೆ. ರಿಂಗನ್ನು ಗೋಡೆಗೆ ಒತ್ತಿ ಹಿಡಿಯುವುದರಲ್ಲಿ ಈ ಅನಿಲದ ಒತ್ತಡದ ಪಾಲೂ ಇದೆ. ಆದ್ದರಿಂದ ಅತಿಯಾದ ಭಾರ ಹೇಗೆ ಕೆಟ್ಟದ್ದೋ, ಗಂಟೆಗಟ್ಟಲೆ ನಿಂತಲ್ಲೇ ಎಂಜಿನ್ ಓಡಿಸುವ ಅತಿಯಾದ ಮುದ್ದೂ ಹಾಗೆಯೇ ಕೆಟ್ಟದ್ದು.

ಮೊದಲ ಸಲ ಚಾಲೂ ಮಾಡಿದಾಗ ಕೆಲವೇ ನಿಮಿಷ ಓಡಿಸಿ, ಪೂರ್ತಿ ತಣ್ಣಗಾಗಲು ಬಿಡಿ. ಹೀಗೆ ಎರಡು ಮೂರು ಸಲ ಮಾಡಿ, ತಣ್ಣಗಿರುವಾಗ ಹೆಡ್ಡಿನ ನಟ್ಟುಗಳನ್ನು ಮತ್ತೊಮ್ಮೆ ಸಮನಾಗಿ ಬಿಗಿ ಮಾಡಬೇಕು. ಮೊದಲ 500 ಕಿಲೋಮೀಟರ್‌ವರೆಗೆ ಆಕ್ಸಿಲರೇಟರನ್ನು ಅರ್ಧಕ್ಕಿಂತ ಹೆಚ್ಚು ತಿರುಗಿಸಬಾರದು. ಒಂದೇ ವೇಗದಲ್ಲಿ ಬಹಳ ದೂರ ಹೋಗಬಾರದು. ಏರಿನಲ್ಲಿ ಎಂಜಿನ್ ಮುಕ್ಕಿರಿಯುವ ಮೊದಲೇ ಗೇರ್ ಇಳಿಸಬೇಕು. ನಂತರದ 500 ಕಿಲೋಮೀಟರ್‌ಗಳಲ್ಲಿ ವೇಗವನ್ನು ಸ್ವಲ್ಪ ಸ್ವಲ್ಪವೇ ಏರಿಸಬಹುದು.

ಈ ತಲೆಮಾರಿನ ಎಂಜಿನ್‌ಗಳಿಗೆ ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸಬೇಕು. 25 ಪಾಲಿಗೆ 1 ಪಾಲು, ಅಂದರೆ ಲೀಟರಿಗೆ 40 ಮಿಲಿಲೀಟರ್ ಬೆರೆಸುವುದು, ಪಳಗಿಸುವಾಗ ಲೀಟರಿಗೆ 50 ಮಿಲಿಲೀಟರ್ ಬೆರೆಸುವುದು ಹಳೆಯ ರೂಢಿ. ಅದಕ್ಕೂ ಮೀರಿ ಸುರಿದರೆ ಇನ್ನೂ ಒಳ್ಳೆಯದು ಎಂದುಕೊಳ್ಳಬೇಡಿ. ಎಣ್ಣೆ ಹೆಚ್ಚಿದಷ್ಟೂ ಜೆಟ್ಟಿನ ಮೂಲಕ ಬರುವ ಪೆಟ್ರೋಲ್ ಕಡಿಮೆಯಾಗಿ ಶಾಖ ಏರುತ್ತದೆ. ಇಂದಿನ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲ್ ಇರುವುದೂ ಇದೇ ಪರಿಣಾಮ ಬೀರುತ್ತದೆ. ಹಾಗಾಗಿ ಆಗಾಗ ಪ್ಲಗ್ ಬಿಚ್ಚಿ ನೋಡಬೇಕು. ಅದರ ತುದಿ ಕಾಫಿ ಬಣ್ಣದ್ದಾಗಿದ್ದರೆ ಒಳ್ಳೆಯದು. ಬೆಳ್ಳಗಿದ್ದರೆ ಕಾರ್ಬ್ಯುರೇಟರನ್ನು ಸರಿಪಡಿಸುವವರೆಗೆ ಗಾಡಿ ಓಡಿಸಬಾರದು.

ಇಳಿಜಾರಿನ ಅಪಾಯ

ಚಾಮುಂಡಿ ಬೆಟ್ಟದಂಥ ಕಡೆಯಿಂದ ಇಳಿಯುವಾಗ ಎಂಜಿನ್‌ಗೆ ವಿಶ್ರಾಂತಿ ಎಂದು ತೋರುತ್ತದೆ. ಹೊಸದಾಗಿ ಜೋಡಿಸಿದ ಟೂ-ಸ್ಟ್ರೋಕ್‌ಗೆ ಅದು ಕಷ್ಟಕಾಲ. ಆಕ್ಸಿಲರೇಟರ್ ಮುಚ್ಚಿದಾಗ ಪೆಟ್ರೋಲ್ ಬಹುಮಟ್ಟಿಗೆ ನಿಲ್ಲುತ್ತದೆ, ಅದರೊಂದಿಗೆ ಎಣ್ಣೆಯೂ ನಿಲ್ಲುತ್ತದೆ. ಆದರೆ ಚಕ್ರವು ಎಂಜಿನ್ನನ್ನು ವೇಗವಾಗಿ ತಿರುಗಿಸುತ್ತಲೇ ಇರುತ್ತದೆ. ಆದ್ದರಿಂದ ಇಳಿಯುವಾಗ ನಡುನಡುವೆ ಆಕ್ಸಿಲರೇಟರನ್ನು ತುಸು ತೆರೆದು ಎಣ್ಣೆ ಕೊಡಬೇಕು.

ಸೀಜ್ ಆದರೆ ಹಿಂದಿನ ಚಕ್ರ ಒಮ್ಮೆಲೇ ಹಿಡಿದುಕೊಂಡು ಸವಾರ ರಸ್ತೆಗೆ ಬೀಳಬಹುದು. ಅನೇಕ ವೇಳೆ ಅದಕ್ಕೆ ಕ್ಷಣ ಮೊದಲು ಎಂಜಿನ್ನಿನ ಸ್ವರ ಇಳಿಯುತ್ತದೆ, ಯಾರೋ ಹಿಂದಿನಿಂದ ಹಿಡಿದು ಎಳೆದಂತೆ ಗಾಡಿ ಸೋಲುತ್ತದೆ. ತಕ್ಷಣ ಕ್ಲಚ್ ಹಿಡಿದು ಗಾಡಿಯನ್ನು ರಸ್ತೆಯ ಬದಿಗೆ ತರಬೇಕು. ಪಳಗಿಸುವ ದಿನಗಳಲ್ಲಿ ಎಡಗೈಯ ಎರಡು ಬೆರಳು ಸದಾ ಕ್ಲಚ್ಚಿನ ಮೇಲಿರಲಿ, ತಲೆಯ ಮೇಲೆ ಹೆಲ್ಮೆಟ್ ಇರಲಿ.

ಒಮ್ಮೆ ಸೀಜ್ ಆಗಿ ಗೋಡೆ ಗೀರಿಹೋದರೆ ಮತ್ತೆ 0.25 ಮಿಲಿಮೀಟರ್ ದೊಡ್ಡದಾದ ಪಿಸ್ಟನ್, ಮತ್ತೆ ಬೋರಿಂಗ್. ಕೊರೆದು ತೆಗೆದ ಲೋಹ ಹಿಂದಕ್ಕೆ ಬರುವುದಿಲ್ಲ. ಕೆಲವು ಸಲ ಕೊರೆದ ಮೇಲೆ ಸಿಲಿಂಡರಿಗೆ ಒಳಗವಚ ಕೂರಿಸಬೇಕಾಗುತ್ತದೆ, ಇಲ್ಲವೇ ಬೇರೆಯದನ್ನು ಹುಡುಕಬೇಕಾಗುತ್ತದೆ. ಅದನ್ನು ಎರಕ ಹೊಯ್ದ ಕಾರ್ಖಾನೆಯಂತೂ ಈಗಿಲ್ಲ. ಸಾವಿರ ಕಿಲೋಮೀಟರ್ ನಿಧಾನವಾಗಿ ಓಡಿಸುವುದೇ ಆ ಸಿಲಿಂಡರನ್ನು ಮುಂದಿನ ತಲೆಮಾರಿಗೆ ಉಳಿಸುವ ಸುಲಭದ ದಾರಿ.