ತಟ್ಟೆಯ ಹಿಂಬದಿಯ ಏಳು ಸೆಕೆಂಡು

ಗ್ರಾಮಫೋನ್ ತಟ್ಟೆಗೆ ಎರಡು ಮುಖಗಳಿರುವುದನ್ನು ನಮ್ಮ ವಾಚಕರೆಲ್ಲರೂ ಬಲ್ಲರು. ಯಾವ ಹಾಡಿನ ಆಸೆಯಿಂದ ತಟ್ಟೆಯನ್ನು ಕೊಂಡು ತಂದೆವೋ ಆ ಮುಖವು ಸವೆಯುವವರೆಗೂ ತಿರುಗುವುದು. ಮತ್ತೊಂದು ಮುಖವನ್ನು ಮನೆಯಲ್ಲಿ ಯಾರೂ ಕೇಳುವುದಿಲ್ಲ. ಹಾಗೆ ಯಾರೂ ಕೇಳದೆ ಬಿಟ್ಟಿದ್ದ ಹಿಂಬದಿಯೊಂದು ಮುಂದೆ ಲೋಕವನ್ನೇ ಕುಣಿಸಿದ ವೃತ್ತಾಂತವನ್ನು ಇಲ್ಲಿ ಹೇಳಲಿದ್ದೇವೆ.

ಅಮೇರಿಕದ ವಾಷಿಂಗ್ಟನ್ ನಗರದಲ್ಲಿ 'ವಿನ್‌ಸ್ಟನ್ಸ್' ಎಂಬ ವಾದ್ಯಗೋಷ್ಠಿಯೊಂದಿತ್ತು. 'ಸೋಲ್' ಎಂದು ಹೆಸರಾದ ಸಂಗೀತವು ಅವರ ವೃತ್ತಿ. ೧೯೬೯ರಲ್ಲಿ ಅವರು 'ಕಲರ್ ಹಿಮ್ ಫಾದರ್' ಎಂಬ ಹಾಡನ್ನು ಹೊರತಂದರು. ಗಂಡನನ್ನು ಯುದ್ಧದಲ್ಲಿ ಕಳೆದುಕೊಂಡವಳ ಕೈಹಿಡಿದು, ಅವಳ ಮಕ್ಕಳನ್ನು ತನ್ನವೆಂದೇ ಸಾಕಿದ ಮಲತಂದೆಯನ್ನು ಕೊಂಡಾಡುವ ಹಾಡು ಅದು. ಜನರು ಮೆಚ್ಚಿದರು, ಬರೆದ ರಿಚರ್ಡ್ ಸ್ಪೆನ್ಸರರಿಗೆ ಗ್ರ್ಯಾಮಿ ಪಾರಿತೋಷಕವೂ ದೊರೆಯಿತು. ಹಿಂಬದಿಯನ್ನು ತುಂಬಿಸಲು ಏನಾದರೊಂದು ಬೇಕಷ್ಟೆ! ಹಳೆಯ ಭಕ್ತಿಗೀತೆಯೊಂದರ ಧಾಟಿಯನ್ನು ಹಿಡಿದು, 'ಆಮೆನ್, ಬ್ರದರ್' ಎಂಬ ಬರಿಯ ವಾದ್ಯದ ಕೃತಿಯೊಂದನ್ನು ಅವಸರದಲ್ಲಿ ಕೂಡಿಸಿಟ್ಟರು.

ಈ ವಾದನದ ನಡುವೆ ಮಿಕ್ಕ ವಾದ್ಯಗಳೆಲ್ಲ ಸುಮ್ಮನಾಗಿ, ಗ್ರೆಗರಿ ಕೋಲ್ಮನ್ ಎಂಬವರ ಡ್ರಮ್ಮು ಒಂದೇ ನಾಲ್ಕು ಆವರ್ತಗಳ ಕಾಲ ನುಡಿಯುವುದು. ನಮ್ಮ ಕಚೇರಿಗಳ ತನಿಯಾವರ್ತನವನ್ನು ನೆನೆದು ಇದನ್ನು ದೀರ್ಘವೆಂದೆಣಿಸಬಾರದು. ಗಡಿಯಾರ ಹಿಡಿದು ನೋಡಿದೆವು: ಸುಮಾರು ೭ ಸೆಕೆಂಡು! ಮೊದಲೆರಡು ಆವರ್ತಗಳು ನೇರವಾಗಿ ನಡೆಯುವುವು; ಮೂರನೆಯದರಲ್ಲಿ ಪೆಟ್ಟೊಂದು ತುಸು ತಡವಾಗಿ ಬೀಳುವುದು; ನಾಲ್ಕನೆಯದರ ಮೊದಲ ಪೆಟ್ಟಿನ ಜಾಗವೇ ಬರಿದು. ಲಯವು ತೊಡರಿತೆನ್ನುವಷ್ಟರಲ್ಲಿ ಸಿಂಬಲ್ ಎಂಬ ಕಂಚಿನ ವಾದ್ಯವು ನಿರೀಕ್ಷೆಗೆ ಮುಂಚೆಯೇ ಝಲ್ಲೆನ್ನುವುದು. ಕೇಳುವವನ ಕಾಲು ತಾನಾಗಿ ಅಲುಗುವುದು ಇಲ್ಲಿಯೇ.

೧೯೭೦ರಲ್ಲಿ ಗೋಷ್ಠಿಯು ಒಡೆಯಿತು, ಕೃತಿಯು ಮರೆಯಾಯಿತು. ೧೯೮೬ರಲ್ಲಿ ಅದು 'ಅಲ್ಟಿಮೇಟ್ ಬ್ರೇಕ್ಸ್ ಅಂಡ್ ಬೀಟ್ಸ್' ಎಂಬ ತಟ್ಟೆಮಾಲೆಯಲ್ಲಿ ಮರಳಿ ಬಂದಿತು. ತಟ್ಟೆಗಳನ್ನು ತಿರುಗಿಸಿ ಜನರನ್ನು ಕುಣಿಸುವ ಡಿ.ಜೆ.ಗಳಿಗಾಗಿ, ಇಂತಹ ಡ್ರಮ್ಮಿನ ತುಣುಕುಗಳುಳ್ಳ ಹಳೆಯ ಹಾಡುಗಳನ್ನು ಆಯ್ದು ಮಾಡಿದ ಮಾಲೆ ಅದು. ಶಬ್ದವನ್ನು ಕತ್ತರಿಸಿ ಬೇಕಾದಷ್ಟು ಸಲ ಮರುನುಡಿಸುವ 'ಸ್ಯಾಂಪ್ಲರ್' ಯಂತ್ರಗಳೂ ಆ ದಿನಗಳಲ್ಲೇ ಬಳಕೆಗೆ ಬಂದವು. ಮುಂದೆ, ೧೯೯೦ರ ದಶಕದ ಮೊದಲಲ್ಲಿ, ಲಂಡನ್ನಿನ ಕ್ಲಬ್ಬುಗಳವರು ಆ ೭ ಸೆಕೆಂಡುಗಳನ್ನು ವೇಗಗೊಳಿಸಿ, ಚೂರುಮಾಡಿ, ಹಿಂದುಮುಂದಾಗಿ ಜೋಡಿಸಿ 'ಜಂಗಲ್' ಎಂಬ ಹೊಸ ನರ್ತನಸಂಗೀತವನ್ನೇ ಕಟ್ಟಿದರು. ಆ ತುಣುಕನ್ನು ಬಳಸಿದ ಹಾಡುಗಳು ಸಾವಿರಾರು.

ಹಣವು ಯಾರಿಗೆ ಸಂದಿತೆಂದು ವಾಚಕರು ಕೇಳಬಹುದು. ಸ್ಪೆನ್ಸರರಿಗೆ ಈ ಸಂಗತಿ ತಿಳಿದುದೇ ೧೯೯೬ರಲ್ಲಿ. ಅಷ್ಟರಲ್ಲಿ ದಾವೆ ಹೂಡುವ ಅವಧಿಯು ಮೀರಿತ್ತು. ಕೃತಿಯ ಹಕ್ಕು ತಮ್ಮದಾಗಿದ್ದೂ ಒಂದು ಕಾಸೂ ಬರಲಿಲ್ಲವೆಂದು ಅವರು ಬಹುಕಾಲ ನೊಂದುಕೊಂಡರು. ಆ ನೋವು ನ್ಯಾಯವಾದುದೇ ಎಂದು ನಮಗೆ ತೋರುವುದು. ೨೦೧೫ರಲ್ಲಿ ಮಾರ್ಟಿನ್ ವೆಬ್‌ಸ್ಟರ್ ಎಂಬ ಇಂಗ್ಲಿಷ್ ಡಿ.ಜೆ. ಚಂದಾ ಎತ್ತಲು ಮುಂದಾಗಿ, ಕೂಡಿಬಂದ ಸುಮಾರು ೨೪,೦೦೦ ಪೌಂಡುಗಳನ್ನು ಅವರಿಗೆ ಒಪ್ಪಿಸಿದರು. ಸ್ಪೆನ್ಸರರು ಕೃತಜ್ಞತೆಯಿಂದ ಸ್ವೀಕರಿಸಿದರು, ೨೦೨೦ರಲ್ಲಿ ತೀರಿಕೊಂಡರು.

ಡ್ರಮ್ಮು ನುಡಿಸಿದ ಕೋಲ್ಮನ್ನರಾದರೋ ಆ ಚಂದಾ ಕೂಡಿಬರುವುದಕ್ಕೆ ೯ ವರ್ಷ ಮೊದಲೇ, ೨೦೦೬ರಲ್ಲಿ, ಅಟ್ಲಾಂಟ ನಗರದಲ್ಲಿ ನೆಲೆಯಿಲ್ಲದವರಾಗಿ ಕಣ್ಮುಚ್ಚಿದ್ದರು. ತಮ್ಮ ಕೈಚಳಕವು ಎಲ್ಲೆಲ್ಲಿ ಸಂಚರಿಸಿತೆಂಬುದು ಅವರಿಗೆ ತಿಳಿದಿರಲಾರದೆಂದು ಸ್ಪೆನ್ಸರರೇ ಹೇಳಿದ್ದರು.