ಜಠರ ಕಿರಿದಾದ ಮೇಲೆ

ಪ್ರಶ್ನೆ: ತೂಕ ಇಳಿಸಲು ಗ್ಯಾಸ್ಟ್ರಿಕ್ ಬೈಪಾಸ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಜೀವಮಾನವಿಡೀ ಬಿ-12 ತೆಗೆದುಕೊಳ್ಳಬೇಕೆನ್ನುವುದೇಕೆ? ಈ ವಿಷಯದಲ್ಲಿ ಯಾರ ಮಾತನ್ನು ನಂಬಬೇಕು?

ಉತ್ತರ: ಹಾಲು, ಮೊಟ್ಟೆ, ಮಾಂಸಾದಿಗಳಲ್ಲಿ ಪ್ರೋಟೀನಿನೊಡನೆ ಬೆಸೆದುಕೊಂಡಿರುವ ಬಿ-12 ಜೀವಸತ್ವವನ್ನು ಮೊದಲು ಜಠರದ ಆಮ್ಲವು ಬಿಡಿಸಬೇಕು, ಬಳಿಕ ಜಠರದ ಒಳಪದರವೇ ಸ್ರವಿಸುವ ಒಂದು ವಿಶಿಷ್ಟ ಪ್ರೋಟೀನು, ಹೊಳೆಯ ದಡದಲ್ಲಿ ಕಾದು ನಿಂತ ಅಂಬಿಗನಂತೆ, ಅದನ್ನು ಸಣ್ಣ ಕರುಳಿನ ಕೊನೆಯ ಭಾಗಕ್ಕೆ ಮುಟ್ಟಿಸಿದ ಹೊರತು ಅದು ಸಾಕಷ್ಟು ಪ್ರಮಾಣದಲ್ಲಿ ರಕ್ತವನ್ನು ಸೇರಲಾರದು. ಬೈಪಾಸಿನಲ್ಲಾದರೋ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲವೊಂದನ್ನು ರಚಿಸಿ, ಆಹಾರವನ್ನು ಅಲ್ಲಿಂದ ನೇರವಾಗಿ ಕರುಳಿನ ಮುಂದಿನ ಭಾಗಕ್ಕೆ ತಿರುಗಿಸುವರು. ಆದುದರಿಂದ ಆಮ್ಲವು ಸಾಲದಾಗುತ್ತದೆ, ಅಂಬಿಗನೂ ಬೇಕಾದ ವೇಳೆಗೆ ದೊರೆಯನು. ಕಬ್ಬಿಣ, ಕ್ಯಾಲ್ಸಿಯಂಗಳ ಹೀರಿಕೆಯೂ ಕುಗ್ಗುತ್ತದೆ. ಯಕೃತ್ತಿನಲ್ಲಿ ಕೆಲವು ವರ್ಷಗಳಿಗೆ ಸಾಲುವಷ್ಟು ಬಿ-12 ಸಂಚಿತವಾಗಿರುವುದರಿಂದ ಕೊರತೆಯು ಒಡನೆಯೇ ತೋರದು. “ಮಾತ್ರೆ ಬಿಟ್ಟೆ, ನನಗೇನೂ ಆಗಲಿಲ್ಲ” ಎಂದು ಚಿಕಿತ್ಸೆ ಪಡೆದ ಮತ್ತೊಬ್ಬರು ಪ್ರಾಮಾಣಿಕವಾಗಿಯೇ ಹೇಳುವ ಮಾತು ಅಪಾಯಕರವಾಗುವುದು ಇಲ್ಲಿಯೇ, ಏಕೆಂದರೆ ತಡವಾಗಿ ತಲೆದೋರುವ ನರಹಾನಿಯು ಕೆಲವೊಮ್ಮೆ ಪೂರ್ತಿಯಾಗಿ ಗುಣವಾಗದು. ಅನುಭವಿಗಳ ಸಾಂತ್ವನವು ಅಮೂಲ್ಯವಾದುದೇ. ಆದರೆ ಮಾತ್ರೆಯ ಅಥವಾ ಚುಚ್ಚುಮದ್ದಿನ ಪ್ರಮಾಣವನ್ನು ನಿಮಗಾದ ಶಸ್ತ್ರಚಿಕಿತ್ಸೆಯ ಬಗೆಯನ್ನು ಬಲ್ಲ ವೈದ್ಯರೂ ಪಥ್ಯತಜ್ಞರೂ, ವರ್ಷಕ್ಕೊಮ್ಮೆಯಾದರೂ ರಕ್ತಪರೀಕ್ಷೆ ಮಾಡಿಸಿ ನೋಡಿ, ನಿರ್ಧರಿಸತಕ್ಕದ್ದು.