ಗೋಧಿ ಸೋಕದ ಉಡುಗೊರೆ: ಗಾಂಧಿ ಬಜಾರಿನಲ್ಲೊಂದು ಸುತ್ತು

ಬಸವನಗುಡಿಯ ಡಿ.ವಿ.ಜಿ. ರಸ್ತೆ ಗಾಂಧಿ ಬಜಾರನ್ನು ಕೂಡುವಲ್ಲಿ ನಿಂತರೆ ಹೂವು, ಪಾತ್ರೆ, ದಿನಸಿ ಮೂರೂ ಕೂಗಳತೆಯಲ್ಲಿವೆ. ಇವತ್ತಿನ ಖರೀದಿ ಗೆಳತಿಯೊಬ್ಬಳ ಅಡುಗೆಮನೆಗೆ. ಅವಳ ಮಗನಿಗೆ ಸೀಲಿಯಾಕ್ ಕಾಯಿಲೆ. ಗೋಧಿ, ಜವೆಗೋಧಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಹೊಟ್ಟೆಗೆ ಹೋದರೆ ದೇಹದ ರಕ್ಷಣಾ ವ್ಯವಸ್ಥೆಯೇ ಸಣ್ಣ ಕರುಳಿನ ಒಳಪದರವನ್ನು ಹಾಳುಮಾಡುತ್ತದೆ. ಪಥ್ಯವೇ ಮದ್ದು, ಅದೂ ಬದುಕಿರುವಷ್ಟು ಕಾಲ.

ರಾಗಿ, ಜೋಳ, ಅಕ್ಕಿಯ ನಾಡಿನಲ್ಲಿ ಇದೇನು ಮಹಾ ಅನ್ನಿಸಬಹುದು. ಧಾನ್ಯಕ್ಕೇನೂ ಬರವಿಲ್ಲ, ಕಾಡುವುದು ಬೆರಕೆ. ಗ್ಲುಟೆನ್‌ಮುಕ್ತ ಎಂದು ಮಾರುವ ಪದಾರ್ಥದಲ್ಲಿ ಗ್ಲುಟೆನ್ ಕಿಲೋಗೆ 20 ಮಿಲಿಗ್ರಾಂ ಮೀರಕೂಡದು ಎನ್ನುತ್ತದೆ ನಮ್ಮ ಆಹಾರ ಸುರಕ್ಷತಾ ನಿಯಮ. ಗೆಳತಿಯ ಮನೆಯಲ್ಲಿ ಉಳಿದವರು ಚಪಾತಿ ಬಿಟ್ಟಿಲ್ಲ. ಹಾಗಾಗಿ ಅಲ್ಲಿ ಹಳೆಯ ಕಾಲದ ಮಡಿಯಷ್ಟೇ ಕಟ್ಟುನಿಟ್ಟು. ಇಂಥ ಮನೆಗೆ ಅಪರೂಪದ ತಿಂಡಿಗಿಂತ, ಗೋಧಿಯ ಕೈ ಸೋಕದ ಹೊಸ ಸಾಮಾನೇ ಹೆಚ್ಚು ಬೆಲೆಬಾಳುವಂಥದ್ದು.

ಮೊದಲು ಪಾತ್ರೆ ಅಂಗಡಿ. ಜರಡಿ ತೆಗೆದುಕೊಂಡೆ. ಅದರ ಸಣ್ಣ ಕಣ್ಣುಗಳಲ್ಲಿ ಸಿಕ್ಕಿಕೊಂಡ ಹಿಟ್ಟು ಎಷ್ಟು ತೊಳೆದರೂ ಪೂರ್ತಿ ಹೋಗುವುದು ಕಷ್ಟ, ಆದ್ದರಿಂದ ಬೇರೆಯದೇ ಬೇಕು. ಮರದ ಲಟ್ಟಣಿಗೆ, ಮಣೆಗಳ ಬಿರುಕಿಗೂ ಇದೇ ಮಾತು. ಪಕ್ಕದಲ್ಲೇ ಬೀಡು ಕಬ್ಬಿಣದ ಪಡ್ಡು ಹಂಚು. ಅಕ್ಕಿ ಉದ್ದಿನ ಹುಳಿಹಿಟ್ಟಿಗೆ ಈರುಳ್ಳಿ, ಹಸಿಮೆಣಸಿನಕಾಯಿ ಹೆಚ್ಚಿ ಹಾಕಿದರೆ ಸಂಜೆಯ ತಿಂಡಿ ಮುಗಿಯಿತು. ಅದರಾಚೆ ಹಿತ್ತಾಳೆಯ ಶ್ಯಾವಿಗೆ ಒರಳು. ಪ್ಯಾಕೆಟ್ ಶ್ಯಾವಿಗೆ ಸಾಮಾನ್ಯವಾಗಿ ರವೆ ಇಲ್ಲವೇ ಮೈದಾದ್ದು, ಎರಡೂ ಗೋಧಿಯವೇ. ಅಕ್ಕಿ ಹಿಟ್ಟಿನ ಮುದ್ದೆಯನ್ನು ಬೇಯಿಸಿ ಬಿಸಿಬಿಸಿಯಾಗಿ ಒತ್ತಿದ ಶ್ಯಾವಿಗೆಗೆ ಕಾಯಿಹಾಲು, ಬೆಲ್ಲ ಸುರಿದುಕೊಂಡ ಹುಡುಗ ತನ್ನ ತಟ್ಟೆಯಲ್ಲಿ ಏನೋ ಕಡಿಮೆಯಿದೆ ಎಂದು ಹೇಳಲಾರ. ಬಿಲ್ಲೆ ಬದಲಿಸಿದರೆ ಚಕ್ಕುಲಿಗೂ ಅದೇ ಒರಳು.

ರಸ್ತೆ ದಾಟಿ ದಿನಸಿ ಅಂಗಡಿಗೆ ಬಂದೆ. ನವಣೆ, ಸಾಮೆ, ಹಾರಕ, ಊದಲು, ಕೊರಲೆ ಸಾಲಾಗಿವೆ. ಎರಡು ಕಿಲೋ ರಾಗಿ ಕಾಳು ಕೇಳಿದೆ.

“ಹಿಟ್ಟೇ ಇದೆಯಲ್ಲ ಮೇಡಂ, ಕಾಳು ಯಾಕೆ?”

“ಎಲ್ಲಿ ಬೀಸಿಸ್ತೀರಿ?”

“ಇಲ್ಲೇ ಮಿಲ್ಲಲ್ಲಿ. ಗೋಧಿ ಬೀಸಿ ಮುಗಿದ ಮೇಲೆ ರಾಗಿ ಹಾಕ್ತಾರೆ.”

ಕಾಳನ್ನೇ ಕೇಳಲು ಇದೇ ಕಾರಣ. ಆರಿಸಿ, ತೊಳೆದು, ಒಣಗಿಸಿ ಮನೆಯಲ್ಲೇ ಪುಡಿ ಮಾಡಿಕೊಳ್ಳಬಹುದು. ಮೊಳಕೆ ಕಟ್ಟಿ ಹುರಿದರೆ ಘಮಘಮಿಸುವ ಹುರಿಹಿಟ್ಟು. ಕೈ ತುಸು ಸಡಿಲವಿದ್ದವರು ಪುಟ್ಟದೊಂದು ಹಿಟ್ಟಿನ ಯಂತ್ರವನ್ನೇ ಕೊಡಬಹುದು. ಇದೊಂದಿದ್ದರೆ ಮಿಲ್ಲಿನ ಹಂಗೇ ಇಲ್ಲ.

ಮಸಾಲೆಯ ಸಾಲಿನಲ್ಲಿ ಹಿಂಗಿನ ಡಬ್ಬಿ ತಿರುಗಿಸಿ ಓದಿ. ಅಪ್ಪಟ ಹಿಂಗು ಬಲು ಘಾಟು, ಅಂಟು. ಹದಕ್ಕೆ ತರಲು ಅದಕ್ಕೆ ಗೋಧಿ ಹಿಟ್ಟನ್ನೋ ಮೈದಾವನ್ನೋ ಬೆರೆಸುವುದು ವಾಡಿಕೆ. ಅಕ್ಕಿ ಹಿಟ್ಟು ಬೆರೆಸಿದ್ದೂ ಸಿಗುತ್ತದೆ, ಹುಡುಕಬೇಕು ಅಷ್ಟೆ. ಸಾರಿನ ಒಗ್ಗರಣೆಯ ಸುಖವನ್ನು ಮರಳಿಸುವ ಈ ಪುಟ್ಟ ಡಬ್ಬಿ ಬುಟ್ಟಿಗೆ ಬಿತ್ತು. ಹಪ್ಪಳ ಸಂಡಿಗೆಗೆ ಹೆಸರಾದ ಸುಬ್ಬಮ್ಮನ ಅಂಗಡಿಯೂ ಗಾಂಧಿ ಬಜಾರಿನದ್ದೇ. ಎಲ್ಲಿ ಕೊಂಡರೂ ಉದ್ದಿನ ಹಪ್ಪಳಕ್ಕೆ ಯಾವ ಹಿಂಗು ಹಾಕಿದ್ದಾರೆಂದು ಕೇಳಬೇಕು. ಕೋಡುಬಳೆ, ನಿಪ್ಪಟ್ಟಿಗೆ ರವೆ, ಮೈದಾ ಸೇರಿಸುವವರಿದ್ದಾರೆ. “ಮಲ್ಟಿಗ್ರೇನ್” ಎಂದು ಹೊಗಳಿಕೊಳ್ಳುವ ಹಿಟ್ಟಿನಲ್ಲಿ ಸಾಮಾನ್ಯವಾಗಿ ಗೋಧಿಯದೇ ಸಿಂಹಪಾಲು.

ಕೊನೆಗೆ ಹೂವಿನವರ ಮಗ್ಗುಲಲ್ಲಿ ಒಂದು ಕಟ್ಟು ಬಾಳೆ ಎಲೆ, ಸೊಗಡಿನ ಅವರೆಕಾಯಿ. ಅಕ್ಕಿ ರೊಟ್ಟಿ ತಟ್ಟಲು ಬಾಳೆ ಎಲೆಯಷ್ಟು ನಂಬಿಕಸ್ತ ಮಣೆ ಇನ್ನೊಂದಿಲ್ಲ. ಪ್ರತಿ ಸಲವೂ ಹೊಸದು, ಯಾರ ಚಪಾತಿಯೂ ಅದನ್ನು ಮುಟ್ಟಿರುವುದಿಲ್ಲ.

ಇಂಥ ಉಡುಗೊರೆ ಕೊಡುವವರಿಗೆ ಒಂದೇ ಮಾತು. ಬಣ್ಣದ ಕಾಗದ ಸುತ್ತಿ, ಬೇಕಾದರೆ ರಿಬ್ಬನ್ನೂ ಕಟ್ಟಿ. ಆದರೆ ಪೊಟ್ಟಣ ಒಡೆದು ಚಂದದ ಡಬ್ಬಿಗೆ ಸುರಿಯಬೇಡಿ, ಲೇಬಲ್ ಕೀಳಬೇಡಿ. ಆ ಮನೆಯವರು ಮೊದಲು ಓದುವುದು ಅದನ್ನೇ.